ಷರಾ: ರಟ್ಟು ಎಮ್ಮೆ ತಿಂದಿದೆ

ಹಾವೇರಿ ಕಡೆಯ ನಮ್ಮೂರಿನ ಪ್ರೌಢಶಾಲೆಯಲ್ಲಿ ನಾನು 1984ರಿಂದ 1987ರವರೆಗೆ ಓದಿದೆ. ಹಾವೇರಿ ಆಗ ಇನ್ನೂ ಧಾರವಾಡ ಜಿಲ್ಲೆಗೇ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಮ್ಮೂರಿನಲ್ಲಿ ವಾಚನಾಲಯವಿರಲಿಲ್ಲ, ತಾಲ್ಲೂಕಿನ ಊರಿಗೆ ಹೋಗಿಬರಲು ಬಸ್ಸಿನ ದುಡ್ಡಿರಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿದ್ದ, ಗಾಜು ಒಡೆದ ಕಡೆ ರಟ್ಟು ಬಡಿದಿದ್ದ ಬೀರುವೇ ನಮ್ಮ ಪಾಲಿನ ಗ್ರಂಥಾಲಯ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಕನ್ನಡ ಮಾಸ್ತರರು ಅದರ ಬೀಗ ತೆಗೆದು, ನಮ್ಮ ಹೆಸರು, ಪುಸ್ತಕದ ನಂಬರು, ತಾರೀಖುಗಳನ್ನು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು.

ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ಬಂದ ಭಾರತ-ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಗಳು ಆ ಬೀರುವಿನ ಒಂದಿಡೀ ಅಂಕಣವನ್ನು ತುಂಬಿದ್ದವು. ಎಮ್ಮೆ ಕಾಯುತ್ತಾ ಒಂದೇ ಮಧ್ಯಾಹ್ನದಲ್ಲಿ ಎರಡನ್ನು ಮುಗಿಸಬಹುದಿತ್ತು. ಆದರೂ ನಿಜ ಹೇಳುವುದಾದರೆ, ಮಹಾಪುರುಷರ ಜೀವನಕ್ಕಿಂತ ನನ್ನನ್ನು ಹಿಡಿದು ಕೂರಿಸುತ್ತಿದ್ದುದು ಹಳೆಯ ‘ಚಂದಮಾಮ’ಗಳನ್ನು ಒಟ್ಟು ಸೇರಿಸಿ ಹೊಲಿದಿದ್ದ ಕಟ್ಟುಗಳು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿ ಆಮೇಲೆ ಕನ್ನಡಕ್ಕೂ ತಂದ ಆ ಮಾಸಪತ್ರಿಕೆಯಲ್ಲಿ, ಹೆಗಲ ಮೇಲಿನ ಶವದೊಳಗಿಂದ ಬೇತಾಳ ಕೇಳುವ ಪ್ರಶ್ನೆಗೆ ರಾಜ ಬಾಯಿ ತೆರೆಯುವ ಮೊದಲೇ ನಾನೂ ನನ್ನ ಅಜ್ಜಿಯೂ ಜಗಳಕ್ಕೆ ಬೀಳುತ್ತಿದ್ದೆವು. ಅಕ್ಷರ ಬಾರದ ಅಜ್ಜಿಯ ತೀರ್ಪು ಅನೇಕ ಸಲ ರಾಜನ ತೀರ್ಪಿಗಿಂತ ಹದವಾಗಿರುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮನೆಯಲ್ಲಿ ‘ಹೋಗ್ಯಾನ’, ‘ಬಂದಾಳ’ ಎನ್ನುತ್ತಿದ್ದ ನಮಗೆ ಪುಸ್ತಕದ ಕನ್ನಡ ಅರ್ಧ ಪರಭಾಷೆಯಂತೆಯೇ ಇತ್ತು. ಒಂದು ಕಥೆಯಲ್ಲಿ ಕಳ್ಳನೊಬ್ಬ ತಪ್ಪಿಸಿಕೊಳ್ಳಲು ‘ಹವಣಿಸಿದನು’ ಎಂದಿತ್ತು. ಗಾಳಿಗೆ ‘ಹವಾ’ ಎನ್ನುವವರ ಮಗುವಾದ ನಾನು, ಪಾಪ, ಓಡುವ ಮೊದಲು ಅವನು ದೀರ್ಘವಾಗಿ ಉಸಿರೆಳೆದುಕೊಂಡಿರಬೇಕು ಎಂದುಕೊಂಡೆ. ಮುಂದಿನ ವಾರ ಮಂತ್ರಿಯೊಬ್ಬ ಸಿಂಹಾಸನ ಕಸಿಯಲು ಹವಣಿಸಿದ, ಅವನೂ ಉಸಿರೆಳೆದುಕೊಂಡ. ಅದರ ಮರುವಾರ ನರಿಯೊಂದು ಕೋಳಿಗೂಡಿನ ಬಾಗಿಲು ತೆರೆಯಲು ಹವಣಿಸಿದಾಗ ಮಾತ್ರ ನನ್ನ ಅರ್ಥ ಅಲ್ಲಾಡತೊಡಗಿತು. ಯಾರನ್ನೂ ಕೇಳದೆ, ನಿಘಂಟನ್ನು ಕಣ್ಣಿಂದಲೂ ಕಾಣದೆ, ಕಳ್ಳ, ಮಂತ್ರಿ, ನರಿ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ ಆ ಪದವನ್ನು ನನ್ನದಾಗಿಸಿಕೊಂಡೆ. ತರಗತಿಯಲ್ಲಿ ಅರ್ಥ ಬರೆಸಿ ಬಾಯಿಪಾಠ ಮಾಡಿಸಿದ ಪದಗಳಲ್ಲಿ ಎಷ್ಟು ಉಳಿದಿವೆಯೋ ಹೇಳಲಾರೆ; ಹೀಗೆ ತಪ್ಪು ತಿಳಿದು ಸರಿಪಡಿಸಿಕೊಂಡ ಪದಗಳಂತೂ ಒಂದೂ ಹೋಗಿಲ್ಲ.

ಇದು ಸಾಧ್ಯವಾದದ್ದು ಮಾಸ್ತರರ ಒಂದು ರೂಢಿಯಿಂದ. ಪಾಠದ ಕೊನೆಗೆ ‘ಯಾರು ಯಾರಿಗೆ ಹೇಳಿದರು’, ‘ಬಿಟ್ಟ ಸ್ಥಳ ತುಂಬಿರಿ’, ‘ಸಂದರ್ಭಸಹಿತ ವಿವರಿಸಿರಿ’ ಎಂದು ನಮ್ಮನ್ನು ಹಿಂಡುತ್ತಿದ್ದ ಅದೇ ಮಾಸ್ತರರು, ಬೀರುವಿನ ಪುಸ್ತಕ ಹಿಂತಿರುಗಿಸಿದಾಗ ಏನನ್ನೂ ಕೇಳುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟರೂ ಸರಿ, ಒಂದನ್ನೇ ನಾಲ್ಕು ಸಲ ಒಯ್ದರೂ ಸರಿ. ಇಂದು ನನ್ನ ಮೊಮ್ಮಗಳು ಓದಿದ ಪ್ರತಿ ಕಥೆಗೂ ಸಾರಾಂಶವನ್ನೂ ನೀತಿಯನ್ನೂ ಬರೆದು ಸಹಿ ಹಾಕಿಸಿಕೊಂಡು ಹೋಗಬೇಕಾಗಿರುವುದನ್ನು ಕಂಡಾಗ, ಆ ಮಗು ಎರಡನೆಯ ಪುಸ್ತಕವನ್ನು ಏಕೆ ಮುಟ್ಟುವುದಿಲ್ಲವೆಂಬುದು ನನಗೆ ಅರ್ಥವಾಗುತ್ತದೆ.

ಒಮ್ಮೆ ಮಾತ್ರ ಮಾಸ್ತರರು ಕೇಳಬೇಕಾಯಿತು. ಬದುವಿನ ಮೇಲೆ ಬೋರಲು ಹಾಕಿಟ್ಟಿದ್ದ ಚಂದಮಾಮದ ಕಟ್ಟಿನ ರಟ್ಟನ್ನು, ನಾನು ನೀರು ಕುಡಿದು ಬರುವಷ್ಟರಲ್ಲಿ ನಮ್ಮ ಎಮ್ಮೆ ಅಗಿದು ಮುಗಿಸಿತ್ತು. ಸೋಮವಾರ ನಡುಗುತ್ತಾ ಒಪ್ಪಿಕೊಂಡೆ. ಅವರು ಒಳಗಿನ ಹಾಳೆಗಳನ್ನು ಒಂದೊಂದಾಗಿ ಎಣಿಸಿ ನೋಡಿ, ರಿಜಿಸ್ಟರಿನ ಷರಾ ಅಂಕಣದಲ್ಲಿ ‘ರಟ್ಟು ಎಮ್ಮೆ ತಿಂದಿದೆ, ಕಥೆಗಳು ಕ್ಷೇಮ’ ಎಂದು ಗಂಭೀರವಾಗಿ ಬರೆದು, ಯಾರದೋ ಮದುವೆಯ ಕರೆಯೋಲೆಯನ್ನು ಅಂಟಿಸಿ ಹೊಸ ಹೊದಿಕೆ ಮಾಡಿದರು. ವರ್ಷವಿಡೀ ಆ ಕಟ್ಟನ್ನು ಎಲ್ಲರೂ ‘ಲಗ್ನಪತ್ರಿಕೆ ಪುಸ್ತಕ’ ಎಂದೇ ಕೇಳಿ ಒಯ್ಯುತ್ತಿದ್ದರು.

ಮುಂದೆ ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರನಾದೆ. ಸಾಕ್ಷಿ ತನ್ನೂರಿನ ಮಾತಿನಲ್ಲಿ ಹೇಳಿದ್ದನ್ನು ಬರಹದ ಕನ್ನಡಕ್ಕೆ ಇಳಿಸುವುದೇ ಅಲ್ಲಿ ದಿನದ ಕೆಲಸ, ಮತ್ತು ಅದಕ್ಕೆ ಬೇಕಾದ ಬಂಡವಾಳದ ಬಹುಪಾಲು ಆ ಒಡೆದ ಗಾಜಿನ ಬೀರುವಿನದು. ಒಮ್ಮೆ ಹಳ್ಳಿಯ ರೈತರೊಬ್ಬರು ಕಟಕಟೆಯಲ್ಲಿ ನಿಂತು ‘ಅಂವ ಓಡಿ ಹೋಗಾಕ ನೋಡಿದ್ರಿ’ ಎಂದರು. ನನ್ನ ಬೆರಳು ತಾನಾಗಿಯೇ ‘ಓಡಿಹೋಗಲು ಹವಣಿಸಿದನು’ ಎಂದು ಒತ್ತಿತು. ನ್ಯಾಯಾಧೀಶರು ಓದಿ ನೋಡಿ, ನಕ್ಕು, ‘ಪ್ರಯತ್ನಿಸಿದನು’ ಎಂದು ತಿದ್ದಿಸಿದರು.