ದೋಚುಲಾ ಇಳಿಜಾರಿನಲ್ಲಿ ಸತ್ತ ಕ್ಲಚ್ಚು

ಭೂತಾನಿಗೆ ಹೊರಡೋಕೆ ಎರಡು ವಾರ ಮುಂಚೆಯೇ ಕ್ಲಚ್ ಪೆಡಲ್ ಬಿಗಿಯಾಗಿತ್ತು. ಗೋಕುಲ ರಸ್ತೆಯ ನಮ್ಮ ಮೆಕ್ಯಾನಿಕ್ ಒಂದೇ ಸಲ ಒತ್ತಿ ನೋಡಿ, "ಕೇಬಲ್ ಹಾಕಿಸ್ಕೊಂಡ ಹೋಗ್ರಿ ಸರ, ದೂರದ ದಾರಿ" ಅಂದಿದ್ದರು. ನಾನು ಆಯಿಲ್, ಬ್ರೇಕ್, ಟೈರ್ ಎಲ್ಲ ಮಾಡಿಸಿದೆ. ಕೇಬಲ್ ಮಾತ್ರ ವಾಪಸ್ ಬಂದ ಮೇಲೆ ನೋಡಿದರಾಯ್ತು ಅಂತ ಬಿಟ್ಟೆ. ದುರ್ಗದ ಬೈಲ್ ಟ್ರಾಫಿಕ್ಕಿನಲ್ಲಿ ದಿನಾ ಹಾಫ್ ಕ್ಲಚ್ಚಲ್ಲೇ ಓಡಾಡುವ ಕಾಲಿಗೆ ಅದು ದೊಡ್ಡ ವಿಷಯ ಅನಿಸಲೇ ಇಲ್ಲ.

2019ರ ಏಪ್ರಿಲ್. ನಾನು, ಹೆಂಡತಿ, ಗದಗಿನ ನಮ್ಮ ಮಾವ. ಕೆಎ-25 ನಂಬರಿನ ಹಳೇ ವ್ಯಾಗನಾರ್‌ನಲ್ಲಿ ಭೂತಾನ್. ಮಾವ ಹುಬ್ಬಳ್ಳಿ-ಗದಗ ದಾರಿಯಲ್ಲಿ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ದಾರಿಯುದ್ದಕ್ಕೂ ನನ್ನ ಡ್ರೈವಿಂಗ್ ನೋಡಿ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ಕಸಿವಿಸಿ.

ಗಡಿಯ ಈಚೆಗಿನ ನಮ್ಮ ಕೊನೆ ಊರು ಜೈಗಾಂವ್ ಮುಟ್ಟುವ ಹೊತ್ತಿಗೆ 2,500 ಕಿಲೋಮೀಟರ್ ದಾಟಿತ್ತು. ಗೇಟು ದಾಟಿದರೆ ಭೂತಾನಿನ ಫುಂಟ್‌ಶೋಲಿಂಗ್, ಗಡಿಯಾರ ಅರ್ಧ ಗಂಟೆ ಮುಂದೆ. ನಮಗೊಂದು ಪರ್ಮಿಟ್, ಗಾಡಿಗೊಂದು ಪರ್ಮಿಟ್. ಆಗ ಭಾರತೀಯರಿಗೆ ದಿನದ ಶುಲ್ಕ ಇರಲಿಲ್ಲ, ಆಮೇಲೆ ತಲೆಗೆ ರಾತ್ರಿಗೆ 1,200 ರೂಪಾಯಿ ಬಂತು. ಥಿಂಪು, ಪುನಾಖಾ ಚೆನ್ನಾಗಿ ಆಯ್ತು. ಅದರ ಫೋಟೋ ಎಲ್ಲರೂ ನೋಡಿರ್ತೀರಿ, ಬಿಡಿ.

ಪುನಾಖಾದಿಂದ ವಾಪಸ್ ಥಿಂಪುಗೆ ಬರೋದು ಅಂದರೆ ಸುಮಾರು 1,200 ಮೀಟರ್ ಎತ್ತರದಿಂದ 3,100 ಮೀಟರ್‌ನ ದೋಚುಲಾ ಘಟ್ಟಕ್ಕೆ ಹತ್ತಬೇಕು. ತಿರುವಿಗೊಂದು ಗೇರ್. ಮೇಲೆ 108 ಸ್ತೂಪಗಳ ಹತ್ತಿರ ನಿಂತು, ಕೆಂಪಗೆ ಅರಳಿದ್ದ ರೋಡೋಡೆಂಡ್ರಾನ್ ನೋಡಿ, ಚಹಾ ಕುಡಿದು ಇಳಿಯೋಕೆ ಶುರು ಮಾಡಿದೆವು. ನಾಲ್ಕನೇ ತಿರುವಿರಬೇಕು. ಎದುರಿಗೆ ಲಾರಿ ಬಂತು ಅಂತ ಕ್ಲಚ್ ಒತ್ತಿದೆ. ಟಪ್! ಪೆಡಲ್ ನೆಲಕ್ಕೆ ಅಂಟಿತು, ಮೇಲೆ ಬರಲೇ ಇಲ್ಲ. ಬ್ರೇಕ್ ಒತ್ತಿದ್ದಕ್ಕೆ ಗಾಡಿ ಎರಡು ಸಲ ಕುಲುಕಿ ಆಫ್ ಆಯ್ತು. ಹಿಂದೆ ಮೂರು ಗಾಡಿ ನಿಂತವು. ಒಬ್ಬರೂ ಹಾರ್ನ್ ಹಾಕಲಿಲ್ಲ, ಹುಬ್ಬಳ್ಳಿಯಲ್ಲಾಗಿದ್ದರೆ ಅಷ್ಟೊತ್ತಿಗೆ ನನ್ನ ವಂಶಾವಳಿ ಎಲ್ಲ ಹೊರಗೆ ಬಂದಿರ್ತಿತ್ತು.

ಮಾವ ಬಾನೆಟ್ ಎತ್ತಿ ಇಣುಕಿದರು. ಕೇಬಲ್ ತುಂಡಾಗಿ ಜೋತು ಬಿದ್ದಿತ್ತು.

"ಅಳಿಯಂದ್ರ, ಗಾಬರಿ ಆಗಬ್ಯಾಡ್ರಿ. ರೇಸ್ ಕೊಟ್ರ ಎಂಜಿನ್ ಅಷ್ಟ ಕೂಗಿ ಗಾಡಿ ಓಡಲಿಲ್ಲಂದ್ರ, ಸುಟ್ಟ ವಾಸನಿ ಬಂದ್ರ ಅದು ಕ್ಲಚ್ ಪ್ಲೇಟು ಹೋದಂಗ. ಆವಾಗ ಎಳಕೊಂಡ ಹೋಗೂದ. ಇದು ಬರೇ ಕೇಬಲ್. ಪ್ಲೇಟು ಗಟ್ಟಿ ಹಿಡಕೊಂಡೈತಿ, ಬಿಡಸೂದಷ್ಟ ಆಗೂದಿಲ್ಲ."

"ಹಂಗಾದ್ರ ಹೋಗೂದು ಹೆಂಗ್ರೀ ಮಾವಾರ?"

"ಫಸ್ಟ್ ಗೇರಿಗೆ ಹಾಕಿ ಕೀ ತಿರುವ್ರಿ."

ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತೆ. ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಮುಂದಕ್ಕೆ ತಳ್ಳುತ್ತೆ, ಕಪ್ಪೆ ಜಿಗಿದಂಗೆ ಜಿಗಿದು ಎಂಜಿನ್ ಹಿಡಕೊಳ್ಳುತ್ತೆ. ಹೊಸ ಗಾಡಿಗಳಲ್ಲಿ ಕ್ಲಚ್ ಒತ್ತದೆ ಸ್ಟಾರ್ಟೇ ಆಗದ ಹಾಗೆ ಮಾಡಿರುತ್ತಾರೆ. ನಮ್ಮ ಹಳೇ ಗಾಡಿಗೆ ಆ ಶಿಸ್ತು ಇರಲಿಲ್ಲ, ಪುಣ್ಯ.

ಎರಡನೇ ಗೇರಿಗೆ ಹೋಗೋದೇ ಕಷ್ಟದ ಕೆಲಸ. ಸ್ವಲ್ಪ ರೇಸ್ ಕೊಟ್ಟು ಕಾಲು ತೆಗೆದ ಕೂಡಲೇ ಗೇರ್ ಹಗುರಾಗುತ್ತೆ, ಆಗ ನ್ಯೂಟ್ರಲ್‌ಗೆ ಎಳೀಬೇಕು, ಎಂಜಿನ್ ಸದ್ದು ಇಳಿಯೋವರೆಗೆ ಕಾಯಬೇಕು, ಆಮೇಲೆ ಎರಡು ಬೆರಳಲ್ಲಿ ಒತ್ತಿದಂಗೆ ಒತ್ತಬೇಕು. ಮೊದಲ ಸಲ ನಾನು ತುರುಕಿದೆ. ಕರ್ರ್ ಅಂತ ಸದ್ದು ಬಂತು, ಮಾವ ಕಣ್ಣು ಮುಚ್ಚಿಕೊಂಡರು. ಎರಡನೇ ಸಲ ಅವರೇ ಕಿವಿಗೊಟ್ಟು ಕೂತು "ತಡೀರಿ… ತಡೀರಿ… ಹೂಂ, ಈಗ" ಅಂದರು. ಬೆಣ್ಣೆಯಲ್ಲಿ ಚಾಕು ಇಳಿದಂಗೆ ಬಿತ್ತು. ಅದೇ ಎರಡನೇ ಗೇರಲ್ಲಿ ಇಡೀ ಇಳಿಜಾರು ಇಳಿದೆವು. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಸಲೀಸು ಅಂತ ನನಗೂ ಅನಿಸಿತ್ತು, ಆದರೆ ಬ್ರೇಕ್ ಕಾದು ಹಿಡಿಯೋದೇ ನಿಂತರೆ ಆ ಕಣಿವೆ ಎಷ್ಟು ಆಳ ಅಂತ ನೋಡೋಕೆ ಹೋಗಬೇಕಾಗ್ತಿತ್ತು.

ಹೋಂಗ್ಟ್‌ಶೋ ಚೆಕ್‌ಪೋಸ್ಟಿನಲ್ಲಿ ಪುನಾಖಾ ಪರ್ಮಿಟ್ ತೋರಿಸೋಕೆ ನಿಲ್ಲಿಸಲೇಬೇಕಿತ್ತು. ನಾನು ಕಾಗದ ಹಿಡಿದು ಓಡಿದರೆ ಮಾವ ಆರಾಮಾಗಿ ರಸ್ತೆ ಬದಿಯ ಅಂಗಡಿಗೆ ಹೋಗಿ ಚುಗೋ ಕೊಂಡರು. ಯಾಕ್ ಹಾಲಿನ ಚೀಸನ್ನು ಒಣಗಿಸಿ ದಾರಕ್ಕೆ ಪೋಣಿಸಿರ್ತಾರೆ, ಕಲ್ಲಿನಂಗೆ ಗಟ್ಟಿ. ಒಂದು ತುಂಡು ದವಡೆಗೆ ಇಟ್ಟುಕೊಂಡು ಬಂದು ಕೂತರು. ಮತ್ತೆ ಫಸ್ಟ್ ಗೇರ್, ಮತ್ತೆ ಕಪ್ಪೆ ಜಿಗಿತ.

ಸಿಮ್ತೋಖಾ ದಾಟಿದರೆ ಥಿಂಪುವಿನ ಓಲಾಖಾ, ಅಲ್ಲಿ ಗ್ಯಾರೇಜುಗಳ ಸಾಲೇ ಇತ್ತು. ಥಿಂಪುವಿನಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ, ನಡುಪೇಟೆಯಲ್ಲಿ ಪೊಲೀಸರು ಬಿಳಿ ಗ್ಲೌಸ್ ಹಾಕಿ ಕೈಸನ್ನೆ ಮಾಡ್ತಾರೆ. ಮೊದಲ ದಿನ ಅದನ್ನು ನೋಡಿ ನಕ್ಕಿದ್ದೆ, ಅವತ್ತು ಸಿಗ್ನಲ್ಲಿಗೆ ನಿಂತು ಮತ್ತೆ ಜಿಗಿಯೋ ಗೋಜಿಲ್ಲ ಅಂತ ಕೈ ಮುಗಿಯೋದೊಂದು ಬಾಕಿ.

ಗ್ಯಾರೇಜಿನ ಹುಡುಗ ಗಾಡಿ ನೋಡಿ ಹಿಂದಿಯಲ್ಲಿ "ಮಾರುತಿ? ಹೈ, ಹೈ" ಅಂದು ಒಳಗೆ ಹೋದ. ಅಲ್ಲಿನ ಟ್ಯಾಕ್ಸಿಗಳೇ ಹೆಚ್ಚಾಗಿ ಮಾರುತಿ, ಹಾಗಾಗಿ ಕೇಬಲ್ ಗೂಟಕ್ಕೆ ನೇತು ಹಾಕಿತ್ತು. ಜರ್ಮನಿ ಗಾಡಿ ತಂದಿದ್ದರೆ ಅಲ್ಲೇ ಮನೆ ಮಾಡಬೇಕಿತ್ತೇನೋ. ಮುಕ್ಕಾಲು ಗಂಟೆ, ಒಂಬೈನೂರು ರೂಪಾಯಿ. ಸಾವಿರ ಕೊಟ್ಟೆ, ಚಿಲ್ಲರೆ ಅವರ ಙುಲ್ಟ್ರಮ್‌ನಲ್ಲಿ ಬಂತು, ಎರಡೂ ಒಂದೇ ಬೆಲೆ. ಹಳೇ ಕೇಬಲ್ ಕೈಗೆ ಕೊಟ್ಟ. ತುದಿಯ ಎಳೆಗಳು ಕಸಬರಿಗೆಯಂಗೆ ಬಿಚ್ಚಿದ್ದವು, ಅರ್ಧಕ್ಕರ್ಧ ಎಳೆಗಳು ತುಕ್ಕು ಹಿಡಿದಿದ್ದವು. ಅಂದರೆ ಅವು ಹುಬ್ಬಳ್ಳಿಯಲ್ಲೇ ಹರಿದಿದ್ದವು.

ಖುಷಿಯಿಂದ ಕೂತು ಅಭ್ಯಾಸಬಲದಂತೆ ಫಸ್ಟ್ ಗೇರಿಗೆ ಹಾಕಿ ಕೀ ತಿರುಗಿಸಿದೆ. ಗಾಡಿ ಜಿಗಿದು ಗ್ಯಾರೇಜಿನ ಡಬ್ಬಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಮಾವ ಬಾಯಲ್ಲಿದ್ದ ಅದೇ ಚುಗೋ ತುಂಡನ್ನು ಇನ್ನೊಂದು ದವಡೆಗೆ ಸರಿಸಿದರು.

"ಈಗ ಕ್ಲಚ್ ಐತ್ರಿ," ಅಂದರು.