ಪೇಂಟಿಂಗ್ ಲಾಗ್: ಪ್ಲಾಸ್ಟಿಕ್ ಚರ್ಮ, ಕೆಸರು ಬಣ್ಣ

ಈ ಸಲದ ಡಿಜಿಟಲ್ ಪೇಂಟಿಂಗ್ ಲಾಗ್ ಪೂರ್ತಿ ಪೋರ್ಟ್ರೇಟ್ (ಮುಖಚಿತ್ರ) ಬಗ್ಗೆನೇ, ಲ್ಯಾಂಡ್‌ಸ್ಕೇಪು ಗೀಂಡ್‌ಸ್ಕೇಪು ಎಲ್ಲಾ ಸದ್ಯಕ್ಕೆ ಮೂಲೆಗೆ. ಯಾಕಂದ್ರೆ ನಾನು ತೋರಿಸಿದ ಮುಖಗಳಿಗೆಲ್ಲ ಬರ್ತಿರೋ ಕ್ರಿಟೀಕ್, ಅಂದ್ರೆ ನೋಡಿದವರ ವಿಮರ್ಶೆ, ಸುತ್ತಿ ಬಳಸಿ ಎರಡೇ ಮಾತಿಗೆ ಬಂದು ನಿಲ್ತಿದೆ. ಒಂದು ‘ಚರ್ಮ ಪ್ಲಾಸ್ಟಿಕ್ ತರ ಇದೆ’, ಇನ್ನೊಂದು ‘ಬಣ್ಣ ಕೆಸರಾಗಿದೆ’. ಎರಡೂ ನಿಜಾನೇ, ನನ್ ಕಣ್ಣಿಗೂ ಕಾಣತ್ತೆ, ಆದ್ರೆ ಅದನ್ನ ಕೇಳಿಸ್ಕೊಂಡು ಪೆನ್ ಹಿಡಿದು ಕೂತ್ರೆ ಮೊದಲ ಗೆರೆಯಲ್ಲೇ ಏನು ಬದಲಾಯಿಸ್ಬೇಕು ಅಂತ ಗೊತ್ತಾಗಲ್ಲ. ನೋಡೋರು ನೋವು ಎಲ್ಲಿದೆ ಅಂತ ಬೆರಳಿಟ್ಟು ತೋರಿಸ್ತಾರೆ ಅಷ್ಟೇ, ಕಾಯಿಲೆ ಏನು ಅಂತ ಪೇಂಟ್ ಮಾಡ್ದೋರೇ ಹುಡುಕ್ಬೇಕು. ಹಂಗಾಗಿ ಈಗ ಒಂದೊಂದು ಕ್ರಿಟೀಕ್ ಹಿಡ್ಕೊಂಡು ಅದಕ್ಕೆ ಒಂದೊಂದು ಡ್ರಿಲ್ ಮಾಡ್ತಾ ಇದೀನಿ.

ಮೊದಲು ಪ್ಲಾಸ್ಟಿಕ್ ವಿಷಯ. ಹಳೇ ಫೈಲ್‌ಗಳನ್ನ ಸಾಲಾಗಿ ಇಟ್ಟು ನೋಡ್ದೆ, ಹಣೆ, ಮೂಗು, ಕೆನ್ನೆ, ಕತ್ತಿನ ನೆರಳು ಎಲ್ಲದರ ಅಂಚೂ ಒಂದೇ ಹದದಲ್ಲಿ ಮೆತ್ತಗೆ ಕರಗಿ ಕೂತಿದೆ, ಅಂಚು ಮಸುಕಾಗಿ ಬೀಳೋ ಸಾಫ್ಟ್ ಏರ್‌ಬ್ರಶ್‌ನಲ್ಲಿ ತೀಡಿದ್ದೇ ತೀಡಿದ್ದು. ನಿಜವಾದ ಮುಖದಲ್ಲಿ ಹಾಗಿರಲ್ವಲ್ಲ. ಹಣೆ ನಿಧಾನಕ್ಕೆ ತಿರುಗತ್ತೆ, ಅಲ್ಲಿ ಬೆಳಕಿಂದ ನೆರಳಿಗೆ ಹೋಗೋ ಅಂಚು ಅಗಲವಾಗಿ ಮೃದುವಾಗಿರತ್ತೆ, ಮೂಗಿನ ದಂಡೆ ಟಕ್ ಅಂತ ತಿರುಗೋದ್ರಿಂದ ಅಲ್ಲಿ ಅಂಚು ಗಟ್ಟಿ, ಇನ್ನು ಮೂಗು ತುಟಿ ಮೇಲೆ ಬೀಳಿಸೋ ನೆರಳು ಇದೆಯಲ್ಲ ಅದು ಮೂಗಿನ ಬುಡದಲ್ಲಿ ಚೂಪಾಗಿ ಶುರುವಾಗಿ ದೂರ ಹೋಗ್ತಾ ಹೋಗ್ತಾ ಮಸುಕಾಗತ್ತೆ. ಒಂದೇ ಮುಖದಲ್ಲಿ ಮೂರು ತರ ಅಂಚು. ಎಲ್ಲಾನೂ ಒಂದೇ ತರ ಉಜ್ಜಿದ್ರೆ ಬೊಂಬೆ ಆಗ್ದೆ ಇನ್ನೇನಾಗತ್ತೆ.

ಹಂಗಾಗಿ ಏರ್‌ಬ್ರಶ್ ಪೂರ್ತಿ ಬಂದ್. ಅಂಚು ಚೂಪಾಗಿರೋ ಹಾರ್ಡ್ ರೌಂಡ್ ಬ್ರಶ್ ಒಂದೇ, ಪೆನ್ ಒತ್ತಡಕ್ಕೆ ಒಪಾಸಿಟಿ (ಬಣ್ಣ ಎಷ್ಟು ದಟ್ಟ ಅನ್ನೋದು) ಬದಲಾಗೋದನ್ನೂ ಆಫ್ ಮಾಡಿಟ್ಟೆ, ಮೆಲ್ಲಗೆ ಒತ್ತಿದ್ರೂ ಜೋರಾಗಿ ಒತ್ತಿದ್ರೂ ಒಂದೇ ಬಣ್ಣ ಬೀಳತ್ತೆ. ಕಲಾವಿದ ಜಾನ್ ಅಸಾರೋ ಮಾಡಿದ ತಲೆ ಮಾಡೆಲ್ ಇದೆಯಲ್ಲ, ಮುಖವನ್ನ ಬರೀ ಚಪ್ಪಟೆ ತುಂಡುಗಳಾಗಿ ಒಡೆದಿರೋದು, ಅದನ್ನ ನೋಡ್ಕೊಂಡು ಬೂದು ಬಣ್ಣದಲ್ಲೇ ಸ್ಟಡಿ. ಮೊದಲು ಮೂರೇ ವ್ಯಾಲ್ಯೂ (ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನೋ ಮಟ್ಟ), ಆಮೇಲೆ ಐದು. ಬೋರ್ ಹೊಡೆಯತ್ತೆ, ಸುಳ್ಳು ಹೇಳಲ್ಲ, ಆದ್ರೆ ಬ್ಲೆಂಡ್ ಮಾಡೋಕೆ ದಾರಿನೇ ಇಲ್ಲ ಅಂದಾಗ ಪ್ರತಿ ತುಂಡಿಗೂ ‘ಇದು ಯಾವ ಕಡೆ ಮುಖ ಮಾಡಿದೆ, ಬೆಳಕಿಗೆ ಎಷ್ಟು ಸಿಗತ್ತೆ’ ಅಂತ ಉತ್ತರ ಕೊಡ್ಲೇಬೇಕಾಗತ್ತೆ. ಕೆನ್ನೆ ಮೂಳೆ ಕೆಳಗಿನ ಜಾಗ ಯಾವಾಗ್ಲೂ ನನ್ನ ಕೈಲಿ ಮಸಿ ಮೆತ್ತಿದ ಹಾಗೆ ಬರ್ತಿತ್ತು, ಈಗ ಅಲ್ಲಿ ಒಂದು ತಿರುವು ಕಾಣ್ತಿದೆ.

ಈ ಮಧ್ಯೆ ಒಬ್ರು ‘ಪೋರ್ಸ್ ಬ್ರಶ್ (ಚರ್ಮದ ರಂಧ್ರ ಮೂಡಿಸೋದು) ಹಾಕು, ಟೆಕ್ಸ್ಚರ್ ಬಂದ್ರೆ ಪ್ಲಾಸ್ಟಿಕ್ ಹೋಗತ್ತೆ’ ಅಂದ್ರು. ಇದನ್ನ ತಗೊಳ್ಲಿಲ್ಲ. ಕೆಳಗಿನ ಆಕಾರನೇ ತಪ್ಪಿರೋವಾಗ ಮೇಲೆ ರಂಧ್ರ ಕೊರೆದ್ರೆ ರಂಧ್ರ ಇರೋ ಪ್ಲಾಸ್ಟಿಕ್ ಸಿಗತ್ತೆ.

ಕೆಸರು ಬಣ್ಣದ ಕಥೆ ಇದಕ್ಕಿಂತ ಮಜಾ ಇದೆ. ನಾನು ಬಣ್ಣ ಆರಿಸೋದು ಹ್ಯೂ (ಬಣ್ಣದ ಜಾತಿ), ಸ್ಯಾಚುರೇಶನ್ (ಬಣ್ಣದ ತೀವ್ರತೆ), ಬ್ರೈಟ್‌ನೆಸ್ ಅನ್ನೋ ಮೂರು ನಂಬರ್‌ಗಳ ಎಚ್‌ಎಸ್‌ಬಿ ಸ್ಲೈಡರ್‌ನಲ್ಲಿ, ಅದರಲ್ಲಿ ಬ್ರೈಟ್‌ನೆಸ್ ಅಂತ ಇರೋ ನಂಬರ್ರೇ ವ್ಯಾಲ್ಯೂ ಅನ್ಕೊಂಡು ಕೆಲಸ ನಡೀತಿತ್ತು. ಅಲ್ಲ. ಅಚ್ಚ ಹಳದಿಗೂ ಅಚ್ಚ ನೀಲಿಗೂ ಅಲ್ಲಿ ಬ್ರೈಟ್‌ನೆಸ್ 100 ಅಂತಾನೇ ತೋರಿಸತ್ತೆ, ಆದ್ರೆ ಪಕ್ಕಪಕ್ಕ ಇಟ್ಟು ನೋಡಿ, ಹಳದಿ ಹೆಚ್ಚುಕಮ್ಮಿ ಬಿಳಿ ಹತ್ರ, ನೀಲಿ ಕಪ್ಪು ಹತ್ರ. ಮಾನಿಟರ್ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಹೊಳಪು ಅಂತ ಅನ್ಸೋದ್ರಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿಂದು 21%, ನೀಲಿದು ಬರೀ 7%. ಹಂಗಾಗಿ ಬ್ರೈಟ್‌ನೆಸ್ ಮುಟ್ಟದೆ ಬರೀ ಹ್ಯೂ ತಿರುಗಿಸಿದ್ರೂ ವ್ಯಾಲ್ಯೂ ಎಲ್ಲಿಗೋ ಹೋಗಿರತ್ತೆ, ನಮಗೆ ಗೊತ್ತೇ ಆಗಿರಲ್ಲ.

ನಾನು ಬಳಸೋ ಪೇಂಟಿಂಗ್ ಸಾಫ್ಟ್‌ವೇರ್ ಕ್ರಿಟಾದಲ್ಲಿ ಚಿತ್ರದ ಬಣ್ಣ ತೆಗೆದು ಬೂದು ಮಾಡೋ ಡೀಸ್ಯಾಚುರೇಟ್ ಫಿಲ್ಟರ್‌ಗೆ ಬೇರೆ ಬೇರೆ ಲೆಕ್ಕದ ಆಪ್ಷನ್‌ಗಳಿವೆ, ಅದರಲ್ಲಿ ಲ್ಯುಮಿನಾಸಿಟಿ ಅಂತ ಇರೋದನ್ನ ಆರಿಸಿ ಎಲ್ಲದರ ಮೇಲೆ ಒಂದು ಫಿಲ್ಟರ್ ಲೇಯರ್ ಆಗಿ ಇಟ್ಕೊಂಡಿದೀನಿ, ಬೇಕಾದಾಗ ಕಣ್ಣಿನ ಗುರುತು ಒತ್ತಿದ್ರೆ ಚಿತ್ರ ಪೂರ್ತಿ ಬೂದು. ಕೆಸರು ಅನ್ನಿಸ್ಕೊಂಡ ಪೋರ್ಟ್ರೇಟ್ ತೆಗೆದು ಒತ್ತಿ ನೋಡ್ದೆ, ದವಡೆ ಕೆಳಗೆ ನೆರಳಲ್ಲಿ ಹಾಕಿದ್ದ ರಿಫ್ಲೆಕ್ಟೆಡ್ ಲೈಟು (ಸುತ್ತಲಿಂದ ಪುಟಿದು ಬರೋ ಬೆಳಕು), ಬೆಳಕಿನ ಕಡೆ ಇರೋ ಕೆನ್ನೆಯ ಮಬ್ಬು ಭಾಗ, ಅಂದ್ರೆ ಹಾಫ್‌ಟೋನು, ಎರಡೂ ಒಂದೇ ಬೂದು! ಬೆಳಕಿನ ಗುಂಪು ಯಾವ್ದು ನೆರಳಿನ ಗುಂಪು ಯಾವ್ದು ಅಂತ ಹೇಳೋಕೇ ಆಗಲ್ಲ. ಬಣ್ಣದ್ದೇನೂ ತಕರಾರಿರ್ಲಿಲ್ಲ, ವ್ಯಾಲ್ಯೂ ಕಲಸಿಹೋಗಿತ್ತು. ಈಗಿನ ರೂಲ್ ಏನಂದ್ರೆ ನೆರಳೊಳಗಿನ ಅತಿ ಬೆಳಕಿನ ಜಾಗ ಕೂಡ ಬೆಳಕಿನ ಕಡೆಯ ಅತಿ ಮಬ್ಬು ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇರ್ಬೇಕು. ಅದೇ ಚಿತ್ರದಲ್ಲಿ ರಿಫ್ಲೆಕ್ಟೆಡ್ ಲೈಟ್ ಒಂದನ್ನೇ ಇಳಿಸ್ದೆ, ಬೇರೆ ಏನೂ ಮುಟ್ಟಿಲ್ಲ, ಅರ್ಧ ಕೆಸರು ಅಲ್ಲೇ ಹೋಯ್ತು.

ಉಳಿದರ್ಧ ಪಕ್ಕದ ಬಣ್ಣಗಳದ್ದು. ಇದಕ್ಕೆ ಒಂದು ಹಳೇ ಕಥೆ ಇದೆ, ಶೆವ್ರೂಲ್ ಅಂತ ಫ್ರೆಂಚ್ ಕೆಮಿಸ್ಟ್, ಪ್ಯಾರಿಸ್‌ನ ಗೋಬೆಲಿನ್ಸ್ ಟೇಪೆಸ್ಟ್ರಿ (ಚಿತ್ರ ನೇಯ್ದ ಬಟ್ಟೆ) ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕೋ ವಿಭಾಗ ನೋಡ್ಕೊಳ್ತಿದ್ದ. ಕಪ್ಪು ನೂಲು ಸಪ್ಪೆ ಕಾಣತ್ತೆ ಅಂತ ದೂರು. ಹುಡುಕಿ ನೋಡಿದ್ರೆ ಬಣ್ಣದಲ್ಲೇನೂ ದೋಷ ಇಲ್ಲ, ಪಕ್ಕದಲ್ಲಿ ನೇಯ್ದಿರೋ ಬಣ್ಣಗಳಿಂದ ಕಪ್ಪು ಹಂಗೆ ಕಾಣ್ತಿತ್ತು. ಅದನ್ನೇ ಬೆಳೆಸಿ 1839ರಲ್ಲಿ ಪುಸ್ತಕ ಮಾಡಿದ. ನೋಡಿ, ಅಲ್ಲೂ ದೂರು ಬಂದಿದ್ದು ಒಂದು ಕಡೆ, ಕಾರಣ ಇದ್ದಿದ್ದು ಇನ್ನೊಂದು ಕಡೆ. ನನ್ ಕೇಸಲ್ಲಿ ಕತ್ತಿನ ನೆರಳು ನೀಲಿ ಕಂಡಿತು ಅಂತ ನೀಲಿನೇ ಸುರಿದಿದ್ದೆ, ರೆಫರೆನ್ಸ್‌ನಲ್ಲಿ ಕಲರ್ ಪಿಕ್ಕರ್ (ಆ ಜಾಗದ ನಿಜವಾದ ಬಣ್ಣ ಎತ್ತಿ ತೋರಿಸೋ ಟೂಲ್) ಇಟ್ಟು ನೋಡಿದ್ರೆ ಅದು ಮಬ್ಬು ಕಂದು, ಸುತ್ತ ಕಿತ್ತಳೆ ಚರ್ಮ ಇರೋದಕ್ಕೆ ತಣ್ಣಗೆ ಕಾಣತ್ತೆ ಅಷ್ಟೇ. ಈಗ ಮೊದಲು ಕಣ್ಣಳತೆಯಲ್ಲಿ ಒಂದು ಚುಕ್ಕೆ ಹಾಕ್ತೀನಿ, ಆಮೇಲೆ ಪಿಕ್ಕರ್ ಇಟ್ಟು ಎಷ್ಟು ದೂರ ಹೋಗಿದೀನಿ ನೋಡ್ತೀನಿ. ಪಿಕ್ಕರ್ ಮೊದಲೇ ಇಟ್ರೆ ಕಣ್ಣು ಏನೂ ಕಲಿಯಲ್ಲ.

ಇದರ ಜೊತೆಗೆ ಜೋರ್ನ್ ಪ್ಯಾಲೆಟ್ ಸ್ಟಡಿಗಳು, ಸ್ವೀಡನ್ನಿನ ಪೇಂಟರ್ ಆಂಡರ್ಸ್ ಜೋರ್ನ್ ಹೆಸರಲ್ಲಿ ಎಲ್ರೂ ಕರೆಯೋದು, ಎಲ್ಲೋ ಓಕರ್ (ಮಣ್ಣು ಹಳದಿ), ವರ್ಮಿಲಿಯನ್ (ಕಿತ್ತಳೆ ಮಿಶ್ರಿತ ಕೆಂಪು), ಕಪ್ಪು, ಬಿಳಿ ಇಷ್ಟೇ ನಾಲ್ಕು. ಕಪ್ಪಿಗೆ ಬಿಳಿ ಬೆರೆಸಿದ ಬೂದು ಆ ಬೆಚ್ಚನೆ ಬಣ್ಣಗಳ ಮಧ್ಯೆ ನೀಲಿ ತರಾನೇ ಕೂತ್ಕೊಳ್ಳತ್ತೆ, ಬೇರೆ ನೀಲಿ ಬೇಕೇ ಆಗಲ್ಲ. ಈ ಸ್ಟಡಿಗಳಿಗೆ ‘ಕೆಸರು’ ಅನ್ನೋ ಮಾತು ಇನ್ನೂ ಬಂದಿಲ್ಲ.

ಕ್ರಿಟೀಕ್ ಕೇಳೋ ರೀತಿನೂ ಬದಲಾಯಿಸಿದೀನಿ. ‘ಹೇಗಿದೆ’ ಅಂತ ಕೇಳಿದ್ರೆ ‘ಸೂಪರ್’ ಬರತ್ತೆ, ಇಲ್ಲಾಂದ್ರೆ ‘ಏನೋ ಸರಿ ಇಲ್ಲ’ ಬರತ್ತೆ, ಎರಡೂ ದಂಡ. ಈಗ ‘ಬೆಳಕು ಯಾವ ಕಡೆಯಿಂದ ಬರ್ತಿದೆ ಅನ್ಸತ್ತೆ’, ‘ಮೊದಲು ಕಣ್ಣು ಎಲ್ಲಿಗೆ ಹೋಯ್ತು’ ಅಂತ ಕೇಳ್ತೀನಿ, ಪೇಂಟ್ ಮಾಡೋಕೆ ಬಾರದೇ ಇರೋರೂ ಇದಕ್ಕೆ ಸರಿಯಾಗೇ ಉತ್ತರ ಕೊಡ್ತಾರೆ. ಚಿತ್ರ ಮುಗಿದ ಮೇಲಲ್ಲ, ಬ್ಲಾಕ್ ಇನ್ ಹಂತದಲ್ಲೇ (ದೊಡ್ಡ ಆಕಾರಗಳನ್ನ ಒರಟಾಗಿ ಹಾಕಿಟ್ಟಾಗ) ತೋರಿಸ್ತೀನಿ, ಆಗ ಮೂಗು ಪಕ್ಕಕ್ಕೆ ಸರಿಸೋಕೆ ಹೊಟ್ಟೆ ಉರಿಯಲ್ಲ. ಕಣ್ಣು ಮೇಲೆ ಕೆಳಗೆ ಆಗಿರೋದು ಇಂಥದ್ದಕ್ಕೆಲ್ಲ ಬೇರೆಯವರ ಟೈಮ್ ತಿನ್ನೋದು ಬೇಡ, ಕ್ರಿಟಾದಲ್ಲಿ ಎಂ ಒತ್ತಿದ್ರೆ ಕ್ಯಾನ್ವಾಸ್ ಕನ್ನಡಿಯಲ್ಲಿ ನೋಡಿದ ಹಾಗೆ ಎಡ ಬಲ ಉಲ್ಟಾ ಆಗತ್ತೆ, ಅಲ್ಲೇ ಬಯಲಾಗತ್ತೆ. ಪದೇ ಪದೇ ಒತ್ತಿದ್ರೆ ಮಾತ್ರ ಕಣ್ಣು ಅದಕ್ಕೂ ಒಗ್ಗಿಹೋಗತ್ತೆ.

ಮುಂದಿನದು ಹಿಂದಿಂದ ಬೆಳಕು ಬಿದ್ದಿರೋ ಕಿವಿ. ಬೆಳಕು ಚರ್ಮದೊಳಗೆ ಹೊಕ್ಕು ಚದುರಿ ಕೆಂಪಾಗಿ ಆಚೆ ಬರೋದು, ಅಂಚಿನಲ್ಲಿ ಕೆಂಪು ಎಷ್ಟು ಗಾಢ ಇರ್ಬೇಕು ಅನ್ನೋದೇ ನನ್ನ ತಲೆಬಿಸಿ, ಜಾಸ್ತಿ ಆದ್ರೆ ಬಲ್ಬ್ ಹಾಕಿದ ಹಾಗಿರತ್ತೆ. ಚಿತ್ರ ನೋಡೋಕೆ ಒಪ್ಪಿರೋ ಇಬ್ರಿಗೆ ಕಿವಿ ಬಿಟ್ಟು ಬೇರೆ ಏನೂ ಹೇಳ್ಬೇಡಿ ಅಂತ ಈಗ್ಲೇ ಹೇಳಿಟ್ಟಿದೀನಿ, ಕೂದಲು ಹೆಂಗೂ ಕೆಟ್ಟದಾಗೇ ಇರತ್ತೆ.