ಕಳೆದುಹೋದ ‘ಮೈಕ್ರೋ’

ಬೆಳಿಗ್ಗೆ ಆರಕ್ಕೇ ಭಾವನ ಮೆಸೇಜು. ಚೀನಾದ ಯಾಂಗ್ತ್ಸಿ ನದಿಗೆ ಕಟ್ಟಿದ ತ್ರೀ ಗಾರ್ಜಸ್ ಅಣೆಕಟ್ಟಿನ ಫೋಟೊ, ಕೆಳಗೆ ನಾಲ್ಕು ಸಾಲು. ಜಗತ್ತಿನಲ್ಲೇ ಅತಿ ಹೆಚ್ಚು ನೀರು ಹಿಡಿಯುವ ಜಲಾಶಯ. 175 ಮೀಟರ್ ಆಳ. ವರ್ಷಕ್ಕೆ 22,500 ಮೆಗಾವ್ಯಾಟ್ ಕರೆಂಟು. ಇದರ ಭಾರಕ್ಕೆ ಭೂಮಿ ದಿನಕ್ಕೆ 0.06 ಸೆಕೆಂಡು ನಿಧಾನವಾಗಿದೆ, ‘ನಾಸಾ ದೃಢಪಡಿಸಿದೆ’.

ನಗುವ ಹಕ್ಕು ನನಗಿಲ್ಲ. 2019ರಲ್ಲಿ ಇದೇ ಅಣೆಕಟ್ಟು ಬಾಗಿಹೋಗಿದೆ ಎಂಬ ಉಪಗ್ರಹ ಚಿತ್ರ ಹರಿದಾಡಿದಾಗ ಹತ್ತು ಜನಕ್ಕೆ ಕಳಿಸಿದವನು ನಾನೇ. ಹಾವಿನ ಹಾಗೆ ಡೊಂಕಾಗಿತ್ತು ಗೋಡೆ. ಎರಡು ಕಿಲೋಮೀಟರಿಗೂ ಉದ್ದದ ಕಾಂಕ್ರೀಟ್ ಗೋಡೆ, ತನ್ನ ತೂಕದಿಂದಲೇ ನೀರನ್ನು ತಡೆದು ನಿಂತಿರುವಂಥದ್ದು, ಹಾಗೆ ಡೊಂಕಾದ ಮೇಲೂ ನಿಂತಿರುತ್ತದೆಯೇ ಅಂತ ಒಂದು ಗಳಿಗೆಯೂ ಯೋಚಿಸಲಿಲ್ಲ. ಡೊಂಕಾಗಿದ್ದದ್ದು ಚಿತ್ರಗಳನ್ನು ಹೊಲಿದು ಜೋಡಿಸಿದ ರೀತಿ. ಗೋಡೆ ನಿಜಕ್ಕೂ ಅಲುಗುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಅವತ್ತಿನಿಂದ ಅಣೆಕಟ್ಟು ಅಂದರೆ ಕಾಗದ ಪೆನ್ನು ತೆಗೆಯುವ ಅಭ್ಯಾಸ.

ಮೊದಲ ಸಾಲು ಬೇಗ ಬಿತ್ತು. ತ್ರೀ ಗಾರ್ಜಸ್ ಹಿಡಿಯುವುದು 39.3 ಘನ ಕಿಲೋಮೀಟರ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸುಮಾರು 1,388 ಟಿಎಂಸಿ, ಒಂಬತ್ತು ಲಿಂಗನಮಕ್ಕಿ. ಕಡಿಮೆಯೇನಲ್ಲ. ಆದರೆ ಆಫ್ರಿಕಾದ ಕರೀಬಾ ಜಲಾಶಯ ಇದರ ನಾಲ್ಕು ಪಟ್ಟಿಗೂ ಹೆಚ್ಚು ನೀರು ಹಿಡಿಯುತ್ತದೆ.

175 ಮೀಟರ್ ಅನ್ನುವುದು ಸರಿಯಾದ ಸಂಖ್ಯೆಯೇ, ಆದರೆ ಆಳವಲ್ಲ. ಸಮುದ್ರಮಟ್ಟದಿಂದ ಅಳೆದ ನೀರಿನ ಮಟ್ಟ. ಲಿಂಗನಮಕ್ಕಿ 1,819 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಬಂದರೆ ಅಷ್ಟು ಆಳ ನೀರಿದೆ ಅಂತ ನಾವು ಯಾರಾದರೂ ತಿಳಿಯುತ್ತೇವೆಯೇ? ಚೀನಾದ್ದಾದರೆ ಮಾತ್ರ ತಿಳಿಯುತ್ತೇವೆ.

ಕರೆಂಟಿನ ಸಾಲಿನಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. 700 ಮೆಗಾವ್ಯಾಟಿನ 32 ಯಂತ್ರ, ಜೊತೆಗೆ 50ರ ಎರಡು ಚಿಕ್ಕವು, ಕೂಡಿದರೆ 22,500. ಸರಿ. ಆದರೆ ಅದು ಯಂತ್ರಗಳ ತಾಕತ್ತು, ವರ್ಷದ ಫಸಲಲ್ಲ. ‘ವರ್ಷಕ್ಕೆ ಮೆಗಾವ್ಯಾಟ್’ ಅಂದರೆ ‘ವರ್ಷಕ್ಕೆ ಗಂಟೆಗೆ 80 ಕಿಲೋಮೀಟರ್’ ಅಂದ ಹಾಗೆ. ಎಲ್ಲ ಯಂತ್ರ ವರ್ಷವಿಡೀ ನಿಲ್ಲದೆ ತಿರುಗಿದರೆ 19,710 ಕೋಟಿ ಯೂನಿಟ್ ಬರಬೇಕು. ಭಾರಿ ಮಳೆಯಾದ 2020ರಲ್ಲಿ, ದಾಖಲೆ ಮಾಡಿದ ವರ್ಷದಲ್ಲಿ, ಬಂದದ್ದು 11,180 ಕೋಟಿ. ಇನ್ನೂ ಸೊಗಸಿನ ಮಾತೆಂದರೆ, ಬ್ರೆಜಿಲ್–ಪರಾಗ್ವೆ ಗಡಿಯ ಇಟೈಪು ಬರೀ 14,000 ಮೆಗಾವ್ಯಾಟಿನದು. ಅದು 2016ರಲ್ಲಿ 10,310 ಕೋಟಿ ಯೂನಿಟ್ ತೆಗೆದು ಆ ವರ್ಷ ತ್ರೀ ಗಾರ್ಜಸ್ಸನ್ನು ಹಿಂದೆ ಹಾಕಿತ್ತು. ಇಟೈಪು ನಿಂತಿರುವ ಪರಾನಾ ನದಿಯ ಹರಿವು ವರ್ಷವಿಡೀ ಹೆಚ್ಚು ಏರಿಳಿಯದು. ಯಂತ್ರ ಎಷ್ಟಿದ್ದರೇನು, ತಿರುಗಿಸಲು ನೀರು ಬರಬೇಕಲ್ಲ.

ಉಳಿದದ್ದು ಭೂಮಿಯ ಸಂಗತಿ. ಇದು ಶುದ್ಧ ಸುಳ್ಳು ಅಂತಲೇ ಹುಡುಕಲು ಕೂತೆ. ಅಲ್ಲ! ಸುಮಾತ್ರಾ ಭೂಕಂಪದ ಬೆನ್ನಿಗೇ, 2005ರ ಜನವರಿಯಲ್ಲಿ, ನಾಸಾ ಆ ಕಂಪನದಿಂದ ದಿನ 2.68 ಮೈಕ್ರೋಸೆಕೆಂಡು ಕಿರಿದಾಗಿದೆ ಎಂಬ ಲೆಕ್ಕ ಹೊರಡಿಸಿತ್ತು. ಹೋಲಿಕೆಗಾಗಿ ಅದರಲ್ಲೇ ಒಂದು ಮಾತು: ತ್ರೀ ಗಾರ್ಜಸ್‌ನಲ್ಲಿ 40 ಘನ ಕಿಲೋಮೀಟರ್ ನೀರು ತುಂಬಿದರೆ ದಿನ 0.06 ಮೈಕ್ರೋಸೆಕೆಂಡು ಹಿಗ್ಗುತ್ತದೆ. ನೀರು ಭೂಮಿಯ ನಡುವಿನಿಂದ ದೂರ, ಎತ್ತರದಲ್ಲಿ ನಿಂತಷ್ಟೂ ತಿರುಗಾಟ ತುಸು ನಿಧಾನ. ಬುಗುರಿಯ ಲೆಕ್ಕವೇ.

ಯಾವನೋ ಪುಣ್ಯಾತ್ಮ ನಕಲು ಮಾಡುವಾಗ ‘ಮೈಕ್ರೋ’ ಬಿಟ್ಟುಬಿಟ್ಟಿದ್ದಾನೆ. ಹತ್ತು ಲಕ್ಷ ಪಟ್ಟು ವ್ಯತ್ಯಾಸ, ಎರಡಕ್ಷರಕ್ಕೆ. ಫಾರ್ವರ್ಡಿನ ಲೆಕ್ಕದಲ್ಲಿ ನಮ್ಮ ಗಡಿಯಾರ ವರ್ಷಕ್ಕೆ 22 ಸೆಕೆಂಡು ತಪ್ಪಬೇಕು. ಅಸಲಿ ಲೆಕ್ಕದಲ್ಲಿ ಒಂದು ಸೆಕೆಂಡು ತಪ್ಪಲು 45 ಸಾವಿರ ವರ್ಷ ಬೇಕು. ಅದೂ ಲೆಕ್ಕ ಮಾತ್ರ, ಅಳೆದು ತೋರಿಸಿದ್ದಲ್ಲ. ಬೀಸುವ ಗಾಳಿಯೇ ಋತು ಬದಲಾದ ಹಾಗೆ ದಿನದ ಉದ್ದವನ್ನು ಇದರ ಸಾವಿರಾರು ಪಟ್ಟು ಹಿಂದೆ ಮುಂದೆ ಮಾಡುತ್ತದೆ.

ಆ ಫಾರ್ವರ್ಡಿನಲ್ಲಿ ಇಲ್ಲದ ಅಂಕಿಯೂ ಒಂದಿದೆ. ಈ ನೀರಿಗಾಗಿ ಮನೆ ಬಿಟ್ಟವರು ಸುಮಾರು 13 ಲಕ್ಷ. ಅದನ್ನೂ ಸೇರಿಸಿ ಭಾವನಿಗೆ ಉದ್ದನೆಯ ಉತ್ತರ ಬರೆದೆ.

ಅರ್ಧ ಗಂಟೆ ಬಿಟ್ಟು ಒಂದೇ ಸಾಲು ಬಂತು: ‘ಅಂದ್ರೆ ಭೂಮಿ ನಿಧಾನ ಆಗಿದ್ದು ನಿಜ ತಾನೆ?’

ನಿಜ ಅಂದೆ. ಆದರೆ ಪ್ರವಾಹಕ್ಕೆ ಜಾಗ ಮಾಡಲು ಮಳೆಗಾಲಕ್ಕೆ ಮುಂಚೆ ನೀರನ್ನು 145 ಮೀಟರಿಗೆ ಇಳಿಸುತ್ತಾರೆ, ಆಗ ಅರ್ಧಕ್ಕಿಂತ ಹೆಚ್ಚು ನೀರು ಹೋಗಿರುತ್ತದೆ, ಹಾಗಾಗಿ ಜೂನ್‌ನಲ್ಲಿ ಅಷ್ಟೂ ನಿಧಾನ ಇರುವುದಿಲ್ಲ ಅಂತ ಸೇರಿಸಿದೆ. ನೀಲಿ ಟಿಕ್ ಬಿದ್ದಿದೆ.